ಪದರು ಬಿಡಿಸುವವರು

೧೨ ಅಕ್ಟೋಬರ್ ೧೯೫೬, ಶುಕ್ರವಾರ. ನರಗುಂದ

ಗಜೇಂದ್ರಗಡ ಬಿಟ್ಟು ಬಂದು ನಾಲ್ಕು ದಿನವಾಯಿತು. ಎರಡು ಗೋಣಿಚೀಲ, ಒಂದು ಟ್ರಂಕು, ಹತ್ತಿ ಹಿಂಜುವ ಒಂದು ಪಿಂಜಾರ ಬಿಲ್ಲು. ಬಸ್ಸಿನವನು ಆಳೆತ್ತರದ ಆ ಬಿಲ್ಲು ನೋಡಿ, "ಏನ್ರಿ ಸಾಹೇಬ್ರ, ಯುದ್ಧಕ್ಕ ಹೊಂಟೀರೇನು?" ಅಂದ. ನಮ್ಮವರು, "ಯುದ್ಧ ಮುಗೀತೋ ತಮ್ಮಾ, ಸೋತು ಹೊಂಟೀವಿ" ಅಂದರು. ಬಸ್ಸಿನಲ್ಲಿ ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ನಮ್ಮವರ ಹೆಸರು ಉಸ್ಮಾನಸಾಬ. ಗಂಡನ ಹೆಸರು ಬಾಯಲ್ಲಿ ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಬರೆಯಬಾರದು ಅಂತ ಮಾತ್ರ ಯಾರೂ ಹೇಳಿಲ್ಲ. ನಾನು ನಾಲ್ಕನೇ ಇಯತ್ತೆ ತನಕ ಕಲಿತವಳು, ಅವರಿಗೆ ಒಂದಕ್ಷರವೂ ಬರುವುದಿಲ್ಲ. ಹಾಗಾಗಿ ಇಲ್ಲಿ ಏನು ಬರೆದರೂ ನಡೆಯುತ್ತದೆ.

ಮನೆ ಮನೆಗೆ ಹೋಗಿ ಹಳೇ ಗಾದಿ ಬಿಚ್ಚಿ, ಹತ್ತಿ ಹಿಂಜಿ, ಮತ್ತೆ ತುಂಬಿ ಹೊಲಿದು ಕೊಡುವುದು ನಮ್ಮ ಕಸುಬು. ಅಜ್ಜ ಮುತ್ತಜ್ಜರಿಂದ ಬಂದದ್ದು. ಎರಡೇ ವರ್ಷದಲ್ಲಿ ಅದು ಮುಗಿಯಿತು. ಕುಂಬಾರಗ ವರುಷ, ದೊಣ್ಣಿಗೆ ನಿಮಿಷ. ಈಗ ಎಲ್ಲರೂ ಹಳೇ ಗಾದಿ ವ್ಯಾಪಾರಿಗೆ ಹಾಕಿ, ಯಂತ್ರದ ಹತ್ತಿಯ ಗಾದಿ ತರುತ್ತಾರೆ. ಯಾವ ಯಂತ್ರ ನಮ್ಮ ಅನ್ನ ಕಸಿಯಿತೋ ಅದರ ಬಾಗಿಲಿಗೇ ಬಂದು ನಿಂತಿದ್ದೇವೆ.

ಯಂತ್ರದ ಧಣಿ ರಾಘಣ್ಣನವರು. ಯಾವಗಲ್ಲಿನ ಬ್ರಾಹ್ಮಣರು. ಹೊಲ ಉಳುವವರ ಪಾಲಾದ ಮೇಲೆ ಉಳಿದದ್ದನ್ನು ಮಾರಿ ಇಲ್ಲಿ ಪತ್ರಾಸ ತಗಡಿನ ಶೆಡ್ಡು ಹಾಕಿದ್ದಾರೆ. ಸುತ್ತಲಿನ ಊರುಗಳಿಂದ ಹರಿದ ಗಾದಿ, ದಿಂಬು, ರಜಾಯಿ ಗಾಡಿಯಲ್ಲಿ ಬಂದು ಬೀಳುತ್ತವೆ. ಯಂತ್ರದ ಬಾಯಿಗೆ ಹಾಕಿದರೆ ಮುಳ್ಳಿನ ಉರುಳಿ ಹಳೇ ಹತ್ತಿಯನ್ನು ಹರಿದು ಹಿಂಜುತ್ತದೆ. ಧೂಳು, ಕಸ ಕೆಳಗಿನ ಜಾಳಿಗೆಯಿಂದ ಉದುರುತ್ತದೆ, ಹಗುರ ಹತ್ತಿ ಹಾರಿ ಹಿಂದಿನ ಖೋಲಿಯಲ್ಲಿ ಬೀಳುತ್ತದೆ. ನಮ್ಮವರು ದಿನವೆಲ್ಲ ಬಡಿದು ಮಾಡುವುದನ್ನು ಅದು ಎಲಿ ಅಡಿಕಿ ಹಾಕಿಕೊಳ್ಳುವಷ್ಟರಲ್ಲಿ ಮಾಡುತ್ತದೆ. ನಮ್ಮವರಿಗೆ ಯಂತ್ರದ ಬಾಯಿಗೆ ಹತ್ತಿ ಹಾಕುವ ಕೆಲಸ, ನನಗೆ ಪದರು ಬಿಡಿಸುವ ಕೆಲಸ ಸಿಕ್ಕಿದೆ. ಬಿಲ್ಲನ್ನು ಗೋಡೆಗೆ ತೂಗುಹಾಕಿದ್ದೇವೆ. ಧಣಿ ಕೊಟ್ಟ ಖೋಲಿ ಸಣ್ಣದು, ಬಿಲ್ಲಿನ ಕೆಳಗೇ ಮಲಗಬೇಕು. ಊರಿಗೆಲ್ಲ ಗಾದಿ ಮಾಡಿಕೊಟ್ಟವರು ನಾವು, ನಮಗೆ ಮಾತ್ರ ಚಾಪೆ.

೧೫ ಅಕ್ಟೋಬರ್, ಸೋಮವಾರ

ಕೆಲಸ ಕೈಗೆ ಕೂತಿತು. ಹಳೇ ಗಾದಿಯ ಹತ್ತಿ ಜನರು ಮಲಗಿ ಮಲಗಿ ಒತ್ತಿ ಗಟ್ಟಿಯಾಗಿರುತ್ತದೆ. ಹಾಗೇ ಹಾಕಿದರೆ ಯಂತ್ರದ ಮುಳ್ಳು ಮುರಿಯುತ್ತದೆ. ಅದಕ್ಕೇ ಹೊಲಿಗೆ ಬಿಚ್ಚಿ, ಚಪಾತಿಯ ಪದರು ಬಿಡಿಸಿದ ಹಾಗೆ ತೆಳ್ಳಗೆ ಎಬ್ಬಿಸಿ, ಪ್ರತಿ ಪದರನ್ನೂ ಎರಡು ಅಂಗೈ ನಡುವೆ ಆಡಿಸಿ ನೋಡಿ ರಾಶಿಗೆ, ಇಲ್ಲಿಯವರ ಮಾತಲ್ಲಿ ಗುಂಪಿಗೆ, ಹಾಕಬೇಕು. ಉಳಿದ ಹೆಂಗಸರು ಇದನ್ನು ಬೇಸರದ ಕೆಲಸ ಅಂತಾರೆ. ನನಗೆ ಹಾಗನಿಸುವುದಿಲ್ಲ. ಒಂದೊಂದು ಗಾದಿಯೂ ಒಂದೊಂದು ಮನೆ. ನಡುವೆ ತಗ್ಗು ಬಿದ್ದಿದ್ದರೆ ಒಬ್ಬರೇ ಮಲಗಿದ್ದರು, ಎರಡು ತಗ್ಗು ಇದ್ದರೆ ಗಂಡ ಹೆಂಡತಿ, ದಂಡೆಗೆ ಕಲೆ ಇದ್ದರೆ ಮಕ್ಕಳು. ನಾವು ಮನೆ ಮನೆಗೆ ಹೋಗುವಾಗ ಗಾದಿ ಮುಟ್ಟುವ ಮೊದಲು "ಯಾರ ಹಾಸಿಗೆ ಇದು?" ಅಂತ ಕೇಳುತ್ತಿದ್ದೆವು. ಅದು ರೂಢಿ. ಇಲ್ಲಿ ಕೇಳಲು ಯಾರೂ ಇಲ್ಲ, ಆದರೂ ಬಾಯಿಗೆ ಆ ಮಾತು ಬರುತ್ತದೆ.

ಹತ್ತಿಯೊಳಗೆ ಏನೇನೋ ಸಿಗುತ್ತದೆ. ಹುಣಸೆ ಬೀಜ, ಕೂದಲ ಪಿನ್ನು, ಮುರಿದ ಬಳೆ. ಎಲ್ಲಕ್ಕಿಂತ ಹೆಚ್ಚು ಅಂಜಿಕೆ ಮೊಳೆಯದು. ನಮ್ಮ ಕಡೆ ಬಾಣಂತಿಗೆ ಗಾದಿ ಮಾಡುವಾಗ ತಲೆಕಡೆಯ ಮೂಲೆಯಲ್ಲಿ ಕುದುರೆ ನಾಲಿನ ಮೊಳೆ ಒಂದನ್ನು ಹತ್ತಿಯೊಳಗೇ ಇಟ್ಟು ಹೊಲಿಯುತ್ತೇವೆ. ಕಬ್ಬಿಣ ಇದ್ದರೆ ತಾಯಿ ಕೂಸಿನ ಹತ್ತಿರ ಕೆಟ್ಟ ಗಾಳಿ ಸುಳಿಯುವುದಿಲ್ಲ. ನಲವತ್ತು ದಿನ ಆದ ಮೇಲೆ ಯಾರೂ ತೆಗೆಯುವುದಿಲ್ಲ, ಮರೆತುಬಿಡುತ್ತಾರೆ. ಅದು ಉರುಳಿಗೆ ಸಿಕ್ಕರೆ ಕಿಡಿ ಹಾರುತ್ತದೆ. ಹತ್ತಿಗೆ ಕಿಡಿ ಸಾಕು. ಇವತ್ತು ನನಗೆ ಮೂರು ಮೊಳೆ ಸಿಕ್ಕವು. ನನ್ನ ಗಾದಿಯಲ್ಲೂ ಒಂದಿತ್ತು. ಮೊಳೆ ಉಳಿಯಿತು, ಕೂಸು ಉಳಿಯಲಿಲ್ಲ.

೨೪ ಅಕ್ಟೋಬರ್, ಬುಧವಾರ

ಹೊಸಬಳು ಬಂದಿದ್ದಾಳೆ. ಸಣ್ಣವ್ವ ಅಂತ, ಮೆಣಸಗಿಯವಳು. ಹೊಳೆ ಬಂದು ಮನೆಯ ಗೋಡೆ ಕುಸಿದಿದೆ, ಗಂಡ ಇಲ್ಲ, ಮುದಿ ಅತ್ತೆಯನ್ನು ಅಲ್ಲೇ ದನದ ಕೊಟ್ಟಿಗೆಯಲ್ಲಿ ಬಿಟ್ಟು ಬಂದಿದ್ದಾಳೆ. ಹೆಸರಿಗೆ ಸಣ್ಣವ್ವ, ಆಳು ಬಾಗಿಲು ತುಂಬುತ್ತಾಳೆ. ಕಳೆ ಕಿತ್ತು, ಜೋಳ ಕೊಯ್ದು ಗೊತ್ತೇ ಹೊರತು ಹತ್ತಿಯ ಒಳಹೊರಗು ಗೊತ್ತಿಲ್ಲ.

ಅವಳನ್ನು ನನ್ನ ಮಗ್ಗಲಿಗೆ ಕೂಡಿಸಿದ್ದಾರೆ. ಯಂತ್ರದ ಬಾಯಿಯ ಬಲಗಡೆ ನನ್ನ ಗುಂಪಿ, ಎಡಗಡೆ ಅವಳದು. ನಮ್ಮವರು ನಡುವೆ ನಿಂತು ಒಮ್ಮೆ ಇಲ್ಲಿಂದ, ಒಮ್ಮೆ ಅಲ್ಲಿಂದ ಎತ್ತಿ ಹಾಕುತ್ತಾರೆ. ಸಣ್ಣವ್ವ ಹಚ್ಚಡದಷ್ಟು ದಪ್ಪ ಪದರು ಮಾಡಿ ಎಸೆದಳು. ನಾನು ತಿರುಗಿ ಅವಳ ಮುಂದಕ್ಕೇ ಎಸೆದೆ.

"ಏ ಯವ್ವಾ, ಇದೇನು ಸಗಣಿ ಕುಳ್ಳ? ಬೆಳಕ ಕಾಣಬೇಕು, ಬೆಳಕ. ಬೆಳಕ ಕಾಣಲಿಲ್ಲಂದ್ರ ಒಳಗ ಏನದ ಅಂತ ಹ್ಯಾಂಗ ತಿಳೀತದ?"

"ಅಷ್ಟ ತೆಳ್ಳಗ ಬಿಡಿಸಿದ್ರ ಸಂಜಿತನಕ ಒಂದು ಗಾದಿ ಆಗಂಗಿಲ್ಲಲ್ಲಬೇ."

"ಆಗದಿದ್ರ ಬಿಡು. ಅಲ್ಲಿ ನಿಂತಾರಲ್ಲ, ಅವರು ನನ್ನ ಗಂಡ. ನಿನ್ನ ಕೈ ತಪ್ಪಿದ್ರ ಸುಡೋದು ಅವರ ಮಾರಿ."

ಅವಳು ನಮ್ಮವರ ಕಡೆ ನೋಡಿದಳು. ಆಮೇಲೆ ತೆಳ್ಳಗೆ ಬಿಡಿಸಿದಳು. ಚಲೋ ಹೆಂಗಸು. ಮಧ್ಯಾಹ್ನ ಅವಳ ಪುಂಡಿಪಲ್ಯ ನನಗೆ ಕೊಟ್ಟಳು, ನಾನು ಶೇಂಗಾ ಹಿಂಡಿ ಕೊಟ್ಟೆ.

೩ ನವೆಂಬರ್, ಶನಿವಾರ

ಮೊನ್ನೆಯಿಂದ ನಾವು ಮುಂಬಯಿಯವರಲ್ಲವಂತೆ, ಮೈಸೂರು ರಾಜ್ಯದವರಂತೆ. ಪೇಟೆಯಲ್ಲಿ ಪೇಢೆ ಹಂಚಿದರು. ನಮ್ಮವರು ಎರಡು ತಂದರು. "ರಾಜ್ಯ ಬದಲಾತು, ಹಸಿದ ಹೊಟ್ಟಿ ಬದಲಾಗಿಲ್ಲ, ಅದಕ್ಕ ಎರಡ" ಅಂತ ಅವರ ಹುಡುಗಾಟ. ನಿನ್ನೆ ದೀಪಾವಳಿ ಅಮಾವಾಸ್ಯೆ, ಯಂತ್ರಕ್ಕೆ ಪೂಜೆ ಮಾಡಿ ಕುಂಬಳಕಾಯಿ ಒಡೆದರು.

ಪೂಜೆ ಮುಗಿದ ಮೇಲೆ ರಾಘಣ್ಣನವರು ಎಲ್ಲರನ್ನೂ ನಿಲ್ಲಿಸಿ ಮಾತಾಡಿದರು. ಹುಬ್ಬಳ್ಳಿಯ ವ್ಯಾಪಾರಿಗೆ ಸಂಕ್ರಾಂತಿಯೊಳಗೆ ಇಷ್ಟು ಹತ್ತಿ ಕೊಡುತ್ತೇನೆ ಅಂತ ಮಾತು ಕೊಟ್ಟಿದ್ದಾರೆ. ಆಗದಿದ್ದರೆ ಯಂತ್ರ ಅವನ ಪಾಲು. "ನೋಡ್ರಿ, ಅವ ಇದನ್ನ ಹುಬ್ಬಳ್ಳಿಗೆ ಒಯ್ತಾನ. ಆಗ ನಂದೂ ಇಲ್ಲ, ನಿಮ್ದೂ ಇಲ್ಲ. ಕೈ ಲಗೂ ನಡೀಲಿ" ಅಂದರು. ಯಂತ್ರ ಹೋದರೆ ನಾವು ಎಲ್ಲಿಗೆ ಹೋಗಬೇಕು? ಗಜೇಂದ್ರಗಡದಲ್ಲಿ ಬಿಲ್ಲಿನ ಸಪ್ಪಳ ಕೇಳಿ ಬಾಗಿಲು ತೆರೆಯುವವರು ಉಳಿದಿಲ್ಲ. ಕಳೆದ ವರ್ಷ ಶ್ರಾವಣದಲ್ಲಿ ನಾವಿಬ್ಬರೂ ಬರೀ ಅಂಬಲಿ ಕುಡಿದು ದಿನ ನೂಕಿದ್ದು ನನಗೆ ಮರೆತಿಲ್ಲ. ಮತ್ತೆ ಆ ದಿನ ನೋಡುವ ಶಕ್ತಿ ನನಗಿಲ್ಲ. ಇಲ್ಲೇ ಕಾಲೂರಬೇಕು, ಏನೇ ಆಗಲಿ.

೧೯ ನವೆಂಬರ್, ಸೋಮವಾರ

ರಾಘಣ್ಣನವರು ನನ್ನನ್ನು ಹೆಂಗಸರ ಮೇಲೆ ಮುಕಾದಮಳನ್ನಾಗಿ ಮಾಡಿದರು. ಓದುಬರಹ ಬರುತ್ತದೆ, ಕೈ ಚುರುಕು ಅಂತ. ಪಿಂಜಾರ ಹೆಂಗಸಿಗೆ ಮುಕಾದಮಕಿ! ಅಪ್ಪ ಇದ್ದಿದ್ದರೆ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ಆ ಖುಷಿಯಲ್ಲೇ ಇದ್ದೆ, ನಮ್ಮವರು ನಡುವೆ ಬಾಯಿ ಹಾಕಿದರು. "ಧಣೇರ, ಯಂತ್ರದ ಬಾಯಿ ಮುಂದ ಒಂದು ದೊಡ್ಡ ಅಯಸ್ಕಾಂತ ಕೂಡಸ್ರಿ. ಗದಗಿನ ಗಿರಣಿಯಾಗ ನೋಡೀನಿ. ಮೊಳಿ, ಸೂಜಿ ಅಲ್ಲೇ ಹಿಡೀತದ." ರಾಘಣ್ಣನವರು "ನೋಡೂಣು, ಸಂಕ್ರಾಂತಿ ಆಗ್ಲಿ" ಅಂತ ಅಡ್ಡಗೋಡೆಯ ಮೇಲೆ ದೀಪ ಇಟ್ಟರು.

ಮನೆಗೆ ಬಂದು ಬೈದೆ. ನನಗೆ ಮುಕಾದಮಕಿ ಕೊಟ್ಟ ದಿನವೇ ಇದು ಬೇಕಿತ್ತೇ? ಪದರು ಬಿಡಿಸುವವರು ನಾವಿರುವಾಗ ಅಯಸ್ಕಾಂತ ಕೇಳಿದರೆ ನಮ್ಮ ಕೈ ಮೇಲೆ ನಂಬಿಗೆ ಇಲ್ಲ ಅಂದ ಹಾಗೆ. ಅವರು ನಕ್ಕು, "ಕೈ ದಣೀತದ ಮಾಬೂ, ಅಯಸ್ಕಾಂತ ದಣಿಯಂಗಿಲ್ಲ" ಅಂದರು. ಅವರಿಗೆ ಎಲ್ಲದಕ್ಕೂ ಒಂದು ಮಾತು ಸಿದ್ಧ.

೬ ಡಿಸೆಂಬರ್, ಗುರುವಾರ

ಮಾಲು ಬಹಳ ಬರುತ್ತಿದೆ. ಶೆಡ್ಡಿನ ಹೊರಗೂ ರಾಶಿ. ಸಣ್ಣವ್ವನದೊಂದು ತಲೆನೋವು. ಎಲ್ಲರೂ ಮೂರು ಗಾದಿ ಬಿಚ್ಚುವಷ್ಟರಲ್ಲಿ ಇವಳು ಒಂದನ್ನು ಹಿಡಿದು ಧ್ಯಾನಕ್ಕೆ ಕೂತಿರುತ್ತಾಳೆ. ಇವತ್ತು ಎಲ್ಲರ ಮುಂದೆ ಬೈದೆ.

"ಬೆಳಕ ಕಾಣಬೇಕು ಅಂತ ನೀನ ಹೇಳಿದ್ದಿಬೇ" ಅಂದಳು.

"ಆಗ ಮಾಲು ಕಡಿಮಿ ಇತ್ತು. ಕೈಗೆ ಹತ್ತಿದ್ರ ತಿಳೀತದ, ಅಷ್ಟ ಸಾಕು."

"ಖರೇನ?"

"ನಾ ಮುಕಾದಮಳೋ, ನೀ ಮುಕಾದಮಳೋ?"

ಆದರೂ ಅವಳು ತೆಳ್ಳಗೇ ಬಿಡಿಸುತ್ತಾಳೆ. ಹಟ. ಊಟಕ್ಕೆ ನಾನು ಬೇರೆ ಕಡೆ ಕೂತೆ. ಮುಕಾದಮಳಾದ ಮೇಲೆ ಎಲ್ಲರ ಜೊತೆ ಒಂದೇ ಬುಟ್ಟಿಗೆ ಕೈ ಹಾಕಿದರೆ ಮಾತು ಕೇಳುವುದಿಲ್ಲ.

೨೨ ಡಿಸೆಂಬರ್, ಶನಿವಾರ

ಇವತ್ತು ಎಲ್ಲ ದಿನಕ್ಕಿಂತ ಹೆಚ್ಚು ಮಾಲು ಕೆಡವಿದೆವು. ರಾಘಣ್ಣನವರು ನನ್ನ ಹೆಸರು ಹಿಡಿದು ಹೊಗಳಿದರು. ದಪ್ಪಗೆ ಕಿತ್ತು ಹಾಕಿದರೂ ಯಂತ್ರ ತಿನ್ನುತ್ತದೆ. ಇಷ್ಟು ದಿನ ಸುಮ್ಮನೆ ಅಂಜಿದೆವು.

೧೧ ಜನವರಿ ೧೯೫೭, ಶುಕ್ರವಾರ

ಮೊನ್ನೆ ಬುಧವಾರ ಬೆಂಕಿ ಬಿತ್ತು.

ಬರೆಯಬೇಕು. ಬರೆಯದಿದ್ದರೆ ತಲೆಯಲ್ಲಿ ಅದೇ ತಿರುಗುತ್ತದೆ.

ಬೆಳಿಗ್ಗೆ ನಮ್ಮೂರ ಕಡೆಯ ಮಾಲು ಬಂದಿತ್ತು. ಅದನ್ನು ನಾನೇ ಇಳಿಸಿಕೊಂಡೆ. ಒಂದು ಗಾದಿಯ ದಂಡೆಯ ಹೊಲಿಗೆ ನೋಡಿ ಗುರುತು ಸಿಕ್ಕಿತು. ಎರಡು ನೇರ, ಒಂದು ಅಡ್ಡ. ನಮ್ಮವರ ಕೈಹೊಲಿಗೆ. ಅಗಲ ಕಡಿಮೆ, ಬಾಣಂತಿ ಗಾದಿ. ಅವರನ್ನು ಕರೆದು ತೋರಿಸಬೇಕು ಅನಿಸಿತು. ಆದರೆ ಎಂಜಿನ್ನು ಶುರುವಾಗಿತ್ತು, ರಾಘಣ್ಣನವರು ಬಾಗಿಲಲ್ಲಿ ನಿಂತು ಕೈ ಬೀಸುತ್ತಿದ್ದರು. ಸಂಕ್ರಾಂತಿಗೆ ಐದೇ ದಿನ. ಹೊಲಿಗೆ ಹರಿದೆ. ತಲೆಕಡೆಯ ಮೂಲೆ ಮುಟ್ಟಿ ನೋಡಿದೆನೋ ಇಲ್ಲವೋ ನೆನಪಿಲ್ಲ. ನೋಡಿರಬೇಕು. ಮೂರೇ ದಪ್ಪ ಪದರು ಮಾಡಿ ಗುಂಪಿಗೆ ಹಾಕಿ ಮುಂದಿನದಕ್ಕೆ ಕೈ ಹಚ್ಚಿದೆ.

ಒಂದು ಸಪ್ಪಳ ಆಯಿತು. ಕರ್ ಅಂತ. ಆಮೇಲೆ ಯಂತ್ರದ ಬಾಯಿಯಿಂದ ಹೊಗೆ. ನಮ್ಮವರು "ಬಂದ್ ಮಾಡೋ, ಬಂದ್ ಮಾಡೋ" ಅಂತ ಕೂಗಿದರು. ಎಂಜಿನ್ನು ನಿಲ್ಲುವುದರೊಳಗೆ ಬೆಂಕಿ ಹಿಂದಿನ ಖೋಲಿಗೆ ಹೋಗುತ್ತಿತ್ತು. ಅವರು ಎರಡೂ ಕೈ ಯಂತ್ರದ ಬಾಯಿಯೊಳಗೆ ಹಾಕಿ ಉರಿಯುವ ಹತ್ತಿಯನ್ನು ಬಾಚಿ ಬಾಚಿ ಹೊರಗೆಳೆದರು. ಹತ್ತಿ ಹೊರಗೆ ಬಂದು ಗಾಳಿ ಸಿಕ್ಕದ್ದೇ ತಡ ಭಗ್ ಅಂತ ಅವರ ಎದೆಗೆ, ಮಾರಿಗೆ ಹತ್ತಿತು.

ನಾನು ನಿಂತುಬಿಟ್ಟೆ. ಸಣ್ಣವ್ವ ನೀರಿನ ತೊಟ್ಟಿಯಲ್ಲಿದ್ದ ಗೋಣಿಚೀಲ ಎಳೆದು ಅವರ ಮೇಲೆ ಬಿದ್ದಳು. ಬಿದ್ದೇ ಬಿದ್ದಳು, ತಬ್ಬಿಕೊಂಡು ನೆಲಕ್ಕೆ ಉರುಳಿಸಿದಳು. ಅವಳ ಕೂದಲೂ ಸುಟ್ಟಿತು.

ದವಾಖಾನಿಯಲ್ಲಿ ಮುಲಾಮು ಹಚ್ಚಿ ಎರಡೂ ಕೈಗೆ ಬೆರಳಿನಿಂದ ಮೊಳಕೈ ತನಕ ಪಟ್ಟಿ ಸುತ್ತಿ ಕಳಿಸಿದ್ದಾರೆ. ಡಾಕ್ಟರು ನನ್ನನ್ನು ಹೊರಗೆ ಕರೆದು, "ಬೆರಳ ಮಡಚಾಕ ಬರೋದು ಕಠಿಣ. ಮೊದಲ ಜೀವ ಉಳೀಲಿ, ಚಲೋತ್ನಾಗ ಉಣಸ್ರಿ" ಅಂದರು. ಬಿಲ್ಲು ಹಿಡಿಯುವ ಕೈ. ಅಲ್ಲೇ ಕಟ್ಟೆಯ ಮೇಲೆ ಕೂತು ಅತ್ತೆ.

ಗಂಜಿ ಮಾಡಿ ಚಮಚದಿಂದ ಕುಡಿಸುತ್ತಿದ್ದೇನೆ. ಗುಬ್ಬಿ ಮರಿಯ ಹಾಗೆ ಬಾಯಿ ತೆರೆಯುತ್ತಾರೆ. ಯಾ ಅಲ್ಲಾ, ಇವರನ್ನು ಉಳಿಸು.

೧೩ ಜನವರಿ, ಭಾನುವಾರ

ರಾಘಣ್ಣನವರು ಶೆಡ್ಡಿಗೆ ಕರೆಸಿದ್ದರು. ಉರುಳಿ ಉಳಿದಿದೆ, ಖೋಲಿಯ ಹತ್ತಿ ಅರ್ಧ ಹೋಗಿದೆ. ವ್ಯಾಪಾರಿಗೆ ಕಾಲು ಹಿಡಿದು ಒಂದು ತಿಂಗಳ ವಾಯಿದೆ ತಂದಿದ್ದಾರೆ. ಕಣ್ಣು ಕೆಂಪಗಿದ್ದವು. ಕರಿಯಾದ ನಾಲಿನ ಮೊಳೆ ಅವರ ಅಂಗೈ ಮೇಲಿತ್ತು.

"ಇದು ಮುಳ್ಳಿನಾಗ ಸಿಕ್ಕಿತ್ತು. ಯಾರ ಗುಂಪಿದು, ಮಾಬೂಬಿ?"

ನಾನು ಮೊಳೆಯನ್ನೇ ನೋಡಿದೆ.

"ನಾ ಯಾರ ಮ್ಯಾಲೂ ಫಿರ್ಯಾದಿ ಮಾಡಂಗಿಲ್ಲ. ಆದ್ರ ಕಣ್ಣ ಮುಚ್ಚಿ ಕೆಲಸ ಮಾಡೋರನ್ನ ಇಟಗೊಂಡ್ರ ನಾಳೆ ಶೆಡ್ಡ ಪೂರಾ ಹೋಗ್ತದ. ಅವರನ್ನ ಬಿಡಸ್ತೀನಿ. ಬಲಗಡಿಯದೋ, ಎಡಗಡಿಯದೋ?"

"ಎಡಗಡಿಯದಿರಬೇಕ್ರಿ" ಅಂದೆ. ಬಾಯಿಂದ ಬಂದುಬಿಟ್ಟಿತು.

"ಸಣ್ಣವ್ವಂದು?"

"ಹೌದ್ರಿ."

ಅವರು ನಿಟ್ಟುಸಿರು ಬಿಟ್ಟರು. "ಅಕಿ ಭಾಳ ಚೊಕ್ಕ ಕೆಲಸದಾಕಿ ಅಂದಕೊಂಡಿದ್ದೆ" ಅಂದರು.

ಎರಡು ಗುಂಪಿಗಳ ನಡುವೆ ಮಾರು ಜಾಗವೂ ಇಲ್ಲ. ಯಾರ ಹತ್ತಿ ಯಾರ ಗುಂಪಿಗೆ ಬಿತ್ತೋ ದೇವರಿಗೆ ಗೊತ್ತು. ನಾನು ಹೋದರೆ ಖೋಲಿ ಹೋಗುತ್ತದೆ. ಖೋಲಿ ಧಣಿಯದು. ಎರಡೂ ಕೈ ಸುಟ್ಟ ಗಂಡನನ್ನು ಯಾವ ಗಿಡದ ಕೆಳಗೆ ಮಲಗಿಸಲಿ? ಸಣ್ಣವ್ವ ಗಟ್ಟಿ ಆಳು. ಕಳೆ ಕೀಳುತ್ತಾಳೆ, ಜೋಳ ಕೊಯ್ಯುತ್ತಾಳೆ, ಎಲ್ಲಿ ಹೋದರೂ ಬದುಕುತ್ತಾಳೆ. ಅವಳಿಗೆ ಊರು ಅಂತ ಒಂದಿದೆ.

೧೭ ಜನವರಿ, ಗುರುವಾರ

ಸಣ್ಣವ್ವ ಮನೆಗೆ ಬಂದಿದ್ದಳು. ತಲೆಯ ಒಂದು ಕಡೆ ಕೂದಲಿಲ್ಲ, ಸೆರಗು ಹೊದ್ದಿದ್ದಳು. ಕೈಯಲ್ಲಿ ಒಂದು ಗಂಗಾಳ ಸಜ್ಜಕ. ಬಂದವಳೇ ನಮ್ಮವರ ಕಾಲ ಹತ್ತಿರ ಕೂತಳು.

"ಅಣ್ಣಾ, ನಾ ಊರಿಗೆ ಹೊಂಟೀನಿ. ನೋಡಿ ಹೋಗೂಣಂತ ಬಂದೆ."

"ಯಾಕ?" ಅಂದರು. ತುಟಿ ಬಾತಿದೆ, ಮಾತು ಪೂರ್ತಿ ಬರುವುದಿಲ್ಲ.

"ಬಿಡಿಸ್ಯಾರ. ಮೊಳಿ ನನ್ನ ಗುಂಪಿಂದು ಅಂತ. ನಾ ಎಲ್ಲಾ ಮುಟ್ಟಿ ಮುಟ್ಟಿ ನೋಡಿದ್ದೆ ಅಣ್ಣಾ. ಹ್ಯಾಂಗ ತಪ್ಪಿತೋ ಏನೋ. ನಿನ್ನ ಕೈ ಹೋದದ್ದು ನನ್ನಿಂದ ಅಂದ್ರ ನಾ ಎಲ್ಲಿ ಮಾರಿ ತೋರಿಸ್ಲಿ?" ಅಂತ ಅಳತೊಡಗಿದಳು. ಆಮೇಲೆ ನನ್ನ ಕಡೆ ತಿರುಗಿ, "ಯಾರೋ ಧಣೇರ ಕಿವಿ ಊದ್ಯಾರ ಮಾಬೂಬಿ. ನೀ ಅಲ್ಲಿ ಇದ್ದಿದ್ರ ನನ್ನ ಪರವಾಗಿ ಒಂದು ಮಾತು ಹೇಳ್ತಿದ್ದಿ" ಅಂದಳು.

ನಮ್ಮವರು ಎದ್ದು ಕೂರಲು ನೋಡಿದರು. "ಇಲ್ಲ ಸಣ್ಣವ್ವ. ಅದು ಬಲ..." ಅಂತ ಬಾಯಿ ತೆರೆದರು. ಗಂಜಿಯ ಬಟ್ಟಲು ನನ್ನ ಕೈಯಲ್ಲೇ ಇತ್ತು. ತುಂಬಿದ ಚಮಚ ಬಾಯಿಗೆ ಇಟ್ಟೆ. "ಮಾತಾಡಬ್ಯಾಡ್ರಿ, ತುಟಿ ಬಿರೀತಾವ. ಡಾಕ್ಟರ್ ಹೇಳ್ಯಾರ." ಅದನ್ನು ನುಂಗುವುದರೊಳಗೆ ಇನ್ನೊಂದು. ಕೆಮ್ಮು ಬಂತು. ಸಣ್ಣವ್ವ ಅಂಜಿ, "ಮಲಗ್ಲಿ ಬಿಡಬೇ, ನಾ ದಣಸಂಗಿಲ್ಲ" ಅಂತ ಕಣ್ಣೊರಸಿಕೊಂಡು ಎದ್ದು ಹೋದಳು.

ನಮ್ಮವರು ಗದ್ದದ ಮೇಲೆ ಗಂಜಿ ಸುರಿಸಿಕೊಂಡು ನನ್ನನ್ನೇ ನೋಡುತ್ತಿದ್ದರು. ಒರೆಸಲು ಹೋದೆ, ಮುಖ ಗೋಡೆಗೆ ತಿರುಗಿಸಿದರು.

"ನಾ ತೊಗೊಂಡಿದ್ದು ಬಲಗಡಿಂದ" ಅಂದರು. ಗೋಡೆಯ ಕಡೆಗೇ ಮುಖವಿಟ್ಟು, "ಧಣೇರ ಕಡೆ ಹೋಗಿ ಹೇಳಿ ಬಾ. ಆಮ್ಯಾಲ ಉಣತೀನಿ" ಅಂದರು.

ಜ್ವರ ಇದೆ. ಜ್ವರದಲ್ಲಿ ಮನುಷ್ಯ ಏನೇನೋ ಆಡುತ್ತಾನೆ.

೨೦ ಜನವರಿ, ಭಾನುವಾರ

ಊಟ ಮುಟ್ಟಿಲ್ಲ. ನಾನು ಚಮಚ ಒಯ್ದರೆ ಹಲ್ಲು ಕಚ್ಚುತ್ತಾರೆ. ನೀರನ್ನೂ ಪಕ್ಕದ ಮನೆಯ ಮುದುಕಿ ಬಂದು ಕುಡಿಸಬೇಕು. ಸಿಟ್ಟು ಬಂತು. ಕೂಗಾಡಿದೆ. "ಯಾರ ಸಲುವಾಗಿ ಮಾಡೀನಿ? ನನ್ನ ಸಲುವಾಗಿ ಮಾಡೀನೇನು? ನಿಮ್ಮ ಕೈ ನೋಡ್ರಿ, ನಾಳೆ ನಿಮಗ ಯಾರು ಹಾಕ್ತಾರ?" ಅವರು ಏನೂ ಅನ್ನಲಿಲ್ಲ. ಅಂದಿದ್ದರೆ ಚಲೋ ಇತ್ತು. ಇಷ್ಟು ವರ್ಷದಲ್ಲಿ ನನ್ನ ಯಾವ ಮಾತಿಗೂ ತಿರುಗಿ ಮಾತಾಡದೆ ಬಿಟ್ಟವರಲ್ಲ.

ಗಜೇಂದ್ರಗಡಕ್ಕೆ ಹೇಳಿ ಕಳಿಸಿ ಅವರ ಅಕ್ಕ ಬಿಸ್ಮಿಲ್ಲಾಳನ್ನು ಕರೆಸಿದೆ. ಸಂಜೆ ಬಸ್ಸಿಗೆ ಬಂದಳು. ಅವಳ ಕೈಯಿಂದ ಒಂದು ಬಟ್ಟಲು ಗಂಜಿ ಕುಡಿದರು. ನಾನು ಬಾಗಿಲ ಹೊರಗೆ ನಿಂತು ಬಟ್ಟಲಿಗೆ ಚಮಚ ತಾಗುವ ಸಪ್ಪಳ ಕೇಳಿಸಿಕೊಂಡೆ.

೨೯ ಜನವರಿ, ಮಂಗಳವಾರ

ಯಂತ್ರ ಮತ್ತೆ ಶುರುವಾಗಿದೆ. ಅಯಸ್ಕಾಂತ ಇನ್ನೂ ಬಂದಿಲ್ಲ, ವಾಯಿದೆ ಮುಗಿಯಲಿ ಅಂತಾರೆ. ಸಣ್ಣವ್ವನ ಜಾಗಕ್ಕೆ ಲಕ್ಕಲಕಟ್ಟಿಯ ಮರಿಯವ್ವ ಅಂತ ಹುಡುಗಿ ಬಂದಿದ್ದಾಳೆ. ಕೈ ಚುರುಕಿದೆ, ಎದುರು ಮಾತಿಲ್ಲ. ಯಂತ್ರದ ಬಾಯಿಗೆ ಮಾಲು ಹಾಕುವ ಜಾಗ ಖಾಲಿ ಇದೆ. ಗಂಡಸರು ಅಂಜುತ್ತಾರೆ.

ಬಿಸ್ಮಿಲ್ಲಾ ಇವತ್ತು ಊರಿಗೆ ಹೋದಳು. ಅವಳ ಸೊಸೆಗೆ ದಿನ ತುಂಬಿದೆ, ಇರಲು ಆಗುವುದಿಲ್ಲ. ಹೋಗುವಾಗ, "ನಿಮ್ಮಿಬ್ಬರ ನಡುವ ಏನಾಗ್ಯದ ನಾ ಕೇಳಂಗಿಲ್ಲ. ಏನರ ಮಾಡಿ ಅವನ ಬಾಯಿ ತೆರಸು. ಎಲುಬಿನ ಗೂಡಾಗ್ಯಾನ" ಅಂದಳು. ರಾತ್ರಿ ಊಟ ಒಯ್ದೆ. ಹಲ್ಲು ಕಚ್ಚಿದರು.

೩೧ ಜನವರಿ, ಗುರುವಾರ

ಎರಡು ದಿನದಿಂದ ನೀರು ಬಿಟ್ಟು ಏನೂ ಇಲ್ಲ. ಪಟ್ಟಿ ಬಿಚ್ಚಿದಾಗ ವಾಸನೆ ಬರುತ್ತಿದೆ. ಡಾಕ್ಟರು ನನಗೇ ಬೈದರು, ಉಣಿಸದಿದ್ದರೆ ಗಾಯ ಮಾಯುವುದು ಹ್ಯಾಂಗ ಅಂತ. ನಾಳೆ ರಾಘಣ್ಣನವರ ಮನೆಗೆ ಹೋಗುತ್ತೇನೆ. ಇವರು ಸಾಯುವುದನ್ನು ನೋಡಲು ನನ್ನಿಂದ ಆಗದು. ಕೆಲಸ ಹೋದರೆ ಹೋಗಲಿ. ಹೇಳಿಬಿಡುತ್ತೇನೆ.

೧ ಫೆಬ್ರವರಿ, ಶುಕ್ರವಾರ

ಬೆಳಿಗ್ಗೆ ಬೇಗ ಎದ್ದು, ತೊಳೆದ ಸೀರೆ ಉಟ್ಟು ಹೊರಟೆ. "ಧಣೇರ ಮನಿಗೆ ಹೊಂಟೀನಿ" ಅಂದೆ. ಬಹಳ ದಿನದ ಮೇಲೆ ಅವರು ನನ್ನ ಮುಖ ನೋಡಿದರು.

ರಾಘಣ್ಣನವರು ಕಟ್ಟೆಯ ಮೇಲೆ ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ, "ಚಲೋ ಆತು ಬಂದಿ. ನಾನ ಕರೆಸೋನಿದ್ದೆ. ಉಸ್ಮಾನಸಾಬನ ಜಾಗಾ ನೀ ಹಿಡೀತಿಯೇನು? ಮುಕಾದಮಕಿನೂ ಇರ್ಲಿ. ಖೋಲಿ ನಿಮ್ಮಿಬ್ಬರಿಗೆ ಖಾಯಂ ಮಾಡ್ತೀನಿ, ಯಾರೂ ಬಿಡು ಅನ್ನಂಗಿಲ್ಲ. ಅವ ನನ್ನ ಯಂತ್ರ ಉಳಿಸ್ಯಾನ, ನಾ ಅದನ್ನ ಮರಿಯಾಂವ ಅಲ್ಲ" ಅಂದರು. ಅವರ ಕಣ್ಣಲ್ಲೂ ನೀರಿತ್ತು. ಒಳ್ಳೆಯ ಮನುಷ್ಯ. ಅಂಥವರ ಮುಂದೆ ಹಳೆಯದನ್ನು ಕೆದಕಿ ಏನು ಮಾಡುವುದು? "ಹೌದ್ರಿ, ಹಿಡೀತೀನ್ರಿ" ಅಂದೆ. ಆಮೇಲೆ ಮತ್ತೇನೂ ಹೇಳಲಿಲ್ಲ.

ಮನೆಗೆ ಬಂದಾಗ ಅವರು ಬಾಗಿಲ ಕಡೆಗೇ ತಿರುಗಿ ಮಲಗಿದ್ದರು.

"ಹೇಳಿದಿ?" ಅಂದರು.

"ಹೇಳಿದೆ" ಅಂದೆ.

"ಏನಂದ್ರು?"

"ಸಿಟ್ಟಾದ್ರು. ಆಮ್ಯಾಲ ಹೋಗ್ಲಿ ಬಿಡು ಅಂದ್ರು. ನನ್ನ ಬಿಡಸಂಗಿಲ್ಲಂತ. ಸಣ್ಣವ್ವನ್ನೂ ತಿರುಗಿ ಕರೆಸ್ತಾರಂತ."

ಅವರು ಕಣ್ಣು ಮುಚ್ಚಿಕೊಂಡರು. ಕೆನ್ನೆಯ ಮೇಲೆ ನೀರು ಇಳಿಯಿತು, ಒರೆಸಿಕೊಳ್ಳಲು ಕೈಯಿಲ್ಲ. ನಾನು ಒರೆಸಿದೆ. ಮುಖ ತಿರುಗಿಸಲಿಲ್ಲ. "ನೀ ಹಿಂಗ ಮಾಡ್ತಿ ಅಂತ ನನಗ ಗೊತ್ತಿತ್ತು ಮಾಬೂ. ನನ್ನ ಮಾಬೂ ಹೇಳ್ತಾಳ ಅಂತ ಗೊತ್ತಿತ್ತು" ಅಂದರು. ಆಮೇಲೆ, "ಹಸಿವಾಗೇತಿ" ಅಂದರು.

ಬಿಸಿ ರೊಟ್ಟಿಯನ್ನು ಹಾಲಿನಲ್ಲಿ ಕಿವುಚಿ ಉಣಿಸಿದೆ. ಒಂದು ಚೂರೂ ಬಿಡದೆ ಉಂಡರು. ನನ್ನ ಕೈಯಿಂದಲೇ. ಎಷ್ಟು ಸಮಾಧಾನ ಆಯಿತು ಅಂದರೆ ಬರೆಯಲು ಬರುವುದಿಲ್ಲ. ಸಣ್ಣವ್ವ ಎಂದು ಬರುತ್ತಾಳೆ ಅಂತ ಎರಡು ಸಲ ಕೇಳಿದರು. ಮೆಣಸಗಿ ದೂರ, ಅತ್ತೆಗೆ ಮೈ ನೆಟ್ಟಗಿಲ್ಲವಂತೆ, ತಡವಾಗುತ್ತದೆ ಅಂದೆ. ತಲೆಯಾಡಿಸಿ ನಿದ್ದೆ ಹೋದರು. ಮುಂದೆ ಕೇಳಿದರೆ ಏನಾದರೊಂದು ಹೇಳಿದರಾಯಿತು. ನಾಳೆ ಎರಡು ಗಾಡಿ ಮಾಲು ಬರುವುದಿದೆ, ಬೆಳಿಗ್ಗೆ ಲಗೂ ಏಳಬೇಕು.